ಮಾಲೆ ಹಾಕಿದಾಗ ಬಿಟ್ಟವರು ಮತ್ತೆ ಯಾಕೆ ಕುಡಿಯುತ್ತಾರೆ? ವ್ಯಸನದ ಚಿಕಿತ್ಸೆಗೆ ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಪ್ರತಿ ವರ್ಷ ನವೆಂಬರ್ ಮಧ್ಯದಲ್ಲಿ ನಮ್ಮ ಉಡುಪಿ, ಮಂಗಳೂರು ಕಡೆಯ ಹಲವು ಮನೆಗಳಲ್ಲಿ ಸ್ವಲ್ಪ ಕಾಲದ ನೆಮ್ಮದಿ ಮೂಡುತ್ತದೆ. ವರ್ಷವಿಡೀ ಕುಡಿದು ಬರುತ್ತಿದ್ದವರು ಅಯ್ಯಪ್ಪ ಮಾಲೆ ಧರಿಸಿ, ನಸುಕಿಗೆದ್ದು ತಣ್ಣೀರಿನಲ್ಲಿ ಮಿಂದು, 41 ದಿನ ಒಂದು ತೊಟ್ಟೂ ಮುಟ್ಟದೆ ವ್ರತ ಪೂರೈಸುತ್ತಾರೆ. ಶಬರಿಮಲೆಯಿಂದ ಮರಳಿ ಮಾಲೆ ತೆಗೆದ ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರು ಮತ್ತೆ ಬಾರಿನ ಮೆಟ್ಟಿಲು ಹತ್ತಿದಾಗ ಮನೆಯವರು ಕೇಳುವ ಮಾತು ಒಂದೇ: "ಮಾಲೆ ಹಾಕಿದಾಗ ಬಿಡಲಿಕ್ಕೆ ಆಗ್ತದಲ್ಲ, ಈಗ ಎಂತ ಆಗುವುದಿಲ್ಲ? ಮನಸ್ಸಿಲ್ಲ, ಅಷ್ಟೇ."

ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದರೆ ವ್ಯಸನದ ಅರ್ಧ ಭಾಗ ಅರ್ಥವಾದಂತೆ ಎಂದು ನಾನು ನಂಬಿದ್ದೇನೆ. ಕುಡಿತವನ್ನು ನಿಲ್ಲಿಸುವುದು ಒಂದು ಕೆಲಸ. ನಿಲ್ಲಿಸಿದ ಮೇಲೆ ಹಾಗೆಯೇ ಉಳಿಯುವುದು ಬೇರೆಯದೇ ಕೆಲಸ. ವ್ರತದ ಕಾಲದಲ್ಲಿ ಗುರುಸ್ವಾಮಿ ಇರುತ್ತಾರೆ, ಜೊತೆಯ ಸ್ವಾಮಿಗಳಿರುತ್ತಾರೆ, ಸಂಜೆಯ ಹೊತ್ತಿಗೆ ಭಜನೆ ಇರುತ್ತದೆ, ಕುಡಿಯುವ ಗೆಳೆಯರೇ ದೂರ ನಿಲ್ಲುತ್ತಾರೆ, ಊರಿಗೆ ಊರೇ ಆ ವ್ಯಕ್ತಿಯನ್ನು "ಸ್ವಾಮಿ" ಎಂದು ಕರೆದು ಗೌರವಿಸುತ್ತದೆ. 42ನೆಯ ದಿನ ಅದಷ್ಟೂ ಒಮ್ಮೆಗೇ ಇಲ್ಲವಾಗುತ್ತದೆ, ಆದರೆ ಮಿದುಳಿನಲ್ಲಿ ವರ್ಷಗಳಿಂದ ಆದ ಬದಲಾವಣೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಮರಳಿ ಕುಡಿದವರಿಗೆ ಭಕ್ತಿ ಕಡಿಮೆಯಿತ್ತು ಎಂದಾಗಲಿ, ಮನಸ್ಸು ಗಟ್ಟಿಯಿರಲಿಲ್ಲ ಎಂದಾಗಲಿ ತೀರ್ಮಾನಿಸುವುದು ತಪ್ಪಾಗುತ್ತದೆ.

ಇದನ್ನು ಕಾಯಿಲೆ ಎಂದು ಯಾಕೆ ಕರೆಯುತ್ತಾರೆ

ಮದ್ಯವಾಗಲಿ ಇತರ ಮಾದಕ ವಸ್ತುವಾಗಲಿ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಊಟ, ನಿದ್ರೆ, ಪ್ರೀತಿಪಾತ್ರರ ಮಾತು ಇವು ಎಂದೂ ಹೆಚ್ಚಿಸದಷ್ಟು ಹೆಚ್ಚಿಸುತ್ತದೆ, ಮತ್ತು ಇದು ಮತ್ತೆ ಮತ್ತೆ ನಡೆದಾಗ ಮಿದುಳು ಆ ವಸ್ತುವನ್ನು ಅನ್ನ ನೀರಿನಷ್ಟೇ ಅಗತ್ಯವೆಂದು ಕಲಿತುಬಿಡುತ್ತದೆ. ಅದೇ ವೇಳೆಗೆ "ಇಂದು ಬೇಡ" ಎಂದು ತಡೆಯಬೇಕಾದ ಮಿದುಳಿನ ಮುಂಭಾಗದ ಹಿಡಿತ ಸಡಿಲಾಗುತ್ತದೆ. ಯಾರು ವ್ಯಸನಕ್ಕೆ ಬೀಳುತ್ತಾರೆ ಎಂಬುದರಲ್ಲಿ ಸುಮಾರು ಅರ್ಧದಷ್ಟು ಪಾತ್ರ ಅನುವಂಶೀಯತೆಯದು. ಉಳಿದದ್ದು ಬೆಳೆದ ಪರಿಸರ, ಶುರುಮಾಡಿದ ವಯಸ್ಸು, ಮನಸ್ಸಿನ ಗಾಯಗಳು, ಕೈಗೆ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು. ಒಂದೇ ಮೇಜಿನಲ್ಲಿ ಕುಳಿತ ನಾಲ್ವರಲ್ಲಿ ಒಬ್ಬರು ಮಾತ್ರ ಸಿಕ್ಕಿಬೀಳುವುದು ಈ ಕಾರಣದಿಂದ.

ಅಮೆರಿಕದ ವೈದ್ಯಕೀಯ ಸಂಘ ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿಕೊಂಡದ್ದು 1956ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾಯಿಲೆ ಎಂದಮಾತ್ರಕ್ಕೆ ಕುಡಿದು ಹೆಂಡತಿ ಮಕ್ಕಳ ಮೇಲೆ ಕೈಮಾಡುವುದಕ್ಕೆ ಕ್ಷಮೆ ಸಿಕ್ಕಿತೆಂದು ಯಾರೂ ತಿಳಿಯಬಾರದು. ಹೊಡೆತ ನಡೆಯುವ ಮನೆಯಲ್ಲಿ ಮೊದಲ ಕರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಹೋಗಬೇಕು; ಚಿಕಿತ್ಸೆಯ ಮಾತು ಅದರ ನಂತರದ್ದು.

ಮೊದಲ ಹೆಜ್ಜೆ: ಗುರುತಿಸುವುದು

"ನಾನು ದಿನಾ ಕುಡಿಯುವುದು ಒಂದೇ ಕ್ವಾರ್ಟರ್" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಲೆಕ್ಕ ಹಾಕಿ ನೋಡಿ: ಶೇಕಡಾ 42.8ರ ಸಾಮರ್ಥ್ಯದ 180 ಮಿ.ಲೀ. ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ವೈದ್ಯರು ಒಂದು ಅಳತೆಯ ಮದ್ಯವೆಂದು ಲೆಕ್ಕಹಿಡಿಯುವುದು 10 ಗ್ರಾಂ. ಅಂದರೆ ಆ ಒಂದು ಕ್ವಾರ್ಟರ್ ಆರು ಅಳತೆಗಳಿಗೆ ಸಮ, 90 ಮಿ.ಲೀ.ಯ ಒಂದು ಪ್ಯಾಕೆಟ್ ಮೂರಕ್ಕೆ ಸಮ.

ಪ್ರಮಾಣಕ್ಕಿಂತಲೂ ಲಕ್ಷಣಗಳು ಮುಖ್ಯ. ವೈದ್ಯರು ಸಾಮಾನ್ಯವಾಗಿ ಕೇಳುವ ನಾಲ್ಕು ಪ್ರಶ್ನೆಗಳಿವೆ: ಕುಡಿತವನ್ನು ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ, ಕುಡಿತದ ಬಗ್ಗೆ ಯಾರಾದರೂ ಆಡಿಕೊಂಡಾಗ ಸಿಟ್ಟು ಬಂದಿದೆಯೇ, ಕುಡಿದದ್ದಕ್ಕೆ ಮನಸ್ಸು ಚುಚ್ಚಿದೆಯೇ, ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಅಥವಾ ತಲೆಭಾರ ಇಳಿಸಲು ಕುಡಿದದ್ದುಂಟೇ. ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ನಾಲ್ಕನೆಯದಕ್ಕೆ ಹೌದು ಎಂದಾದರೆ ಅದೊಂದೇ ಸಾಕು, ಏಕೆಂದರೆ ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಸೂಚನೆ ಅದು. ಮೊದಲು ಅಮಲೇರಿಸುತ್ತಿದ್ದ ಪ್ರಮಾಣ ಈಗ ಸಾಲದೆ ಹೋಗುವುದು, ಕುಡಿತದ ಸುತ್ತಲೇ ದಿನ ತಿರುಗುವುದು, ಪಿತ್ತಜನಕಾಂಗ (ಲಿವರ್) ಕೆಟ್ಟಿದೆ ಎಂದು ವೈದ್ಯರು ಹೇಳಿದ ಮೇಲೂ ಬಿಡಲಾಗದಿರುವುದು, ಇವೂ ಅದೇ ಸಾಲಿನ ಲಕ್ಷಣಗಳು.

ಎರಡನೆಯ ಹೆಜ್ಜೆ: ಮನೆಯಲ್ಲಿ ಒಮ್ಮೆಗೇ ನಿಲ್ಲಿಸಬಾರದು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿರುವವರು ಇದನ್ನು ಓದಬೇಕೆಂದು ನನ್ನ ವಿನಂತಿ.

ನನ್ನ ಚಿಕ್ಕಪ್ಪ ಮಲ್ಪೆಯಲ್ಲಿ ಆಳಸಮುದ್ರ ಬೋಟಿಗೆ ಹೋಗುತ್ತಿದ್ದವರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ ಅವರು ಮನೆಯಲ್ಲಿರುತ್ತಿದ್ದರು. ಒಂದು ವರ್ಷ ಬೋಟುಗಳು ದಡ ಸೇರಿದ ದಿನವೇ ಮಗಳ ತಲೆಯ ಮೇಲೆ ಕೈಯಿಟ್ಟು ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದರು. ಆ ದಿನಗಳಲ್ಲಿ ಅವರಿಗೆ ದಿನಕ್ಕೆ ಎರಡು ಕ್ವಾರ್ಟರ್ ಬೇಕಾಗುತ್ತಿತ್ತು. ಮರುದಿನ ಬೆಳಿಗ್ಗೆ ಚಹಾದ ಲೋಟವನ್ನು ಎರಡೂ ಕೈಗಳಿಂದ ಹಿಡಿದರೂ ಅದು ಬಾಯಿಗೆ ತಲುಪುವ ಮೊದಲೇ ತುಳುಕುತ್ತಿತ್ತು. ಚಿಕ್ಕಮ್ಮ ಚಮಚದಲ್ಲಿ ಕುಡಿಸಿದರು. ಎರಡನೆಯ ದಿನ ವಾಂತಿ, ಮಳೆಯ ತಂಪಿನಲ್ಲಿಯೂ ಬನಿಯನ್ ಹಿಂಡುವಷ್ಟು ಬೆವರು, ರಾತ್ರಿ ಒಂದು ಕ್ಷಣವೂ ನಿದ್ರೆಯಿಲ್ಲ. ಮೂರನೆಯ ರಾತ್ರಿ ಅವರು ಚಾಪೆಯಿಂದ ಎದ್ದು ನಿಂತು, ಕಾಲುಗಳನ್ನು ಅಗಲಿಸಿ, ಖಾಲಿ ಗಾಳಿಯಲ್ಲಿ ಕೈಯ ಮೇಲೆ ಕೈ ಹಾಕುತ್ತಾ ಬಲೆ ಎಳೆಯತೊಡಗಿದರು. ಬೋಟಿನಲ್ಲಿದ್ದವರ ಹೆಸರು ಹಿಡಿದು ಕರೆಯುತ್ತಿದ್ದರು, ಬಲೆ ಜಾರುತ್ತಿದೆಯೆಂದು ಬೈಯುತ್ತಿದ್ದರು. ನಾವು ಎದುರಿಗೆ ನಿಂತಿದ್ದರೂ ಅವರ ಕಣ್ಣಿಗೆ ನಾವು ಕಾಣುತ್ತಿರಲಿಲ್ಲ.

ಹಿರಿಯರೊಬ್ಬರು ಇದು ದೈವದ ಮುನಿಸು ಎಂದರು, ಬೆಳಗಾಗುತ್ತಲೇ ಜೋಯಿಸರ ಬಳಿ ಪ್ರಶ್ನೆ ಇಡಲು ಇಬ್ಬರು ಹೊರಟರು. ಅವರು ಮರಳುವ ಮೊದಲೇ ಚಿಕ್ಕಪ್ಪನಿಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡರು. ಆಮೇಲೆ ರಿಕ್ಷಾದಲ್ಲಿ ಆಸ್ಪತ್ರೆಗೆ ಕೊಂಡೊಯ್ದೆವು, ಬದುಕಿಕೊಂಡರು. ಆ ಅರ್ಧ ದಿನದ ವಿಳಂಬ ನಮ್ಮ ಅಜ್ಞಾನದಿಂದ ಆದದ್ದು. ದೈವದಲ್ಲಿ ನಮಗಿರುವ ನಂಬಿಕೆಯನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ, ಹರಕೆಯನ್ನು ಆಮೇಲೆಯೂ ತೀರಿಸಬಹುದು. ಆಂಬುಲೆನ್ಸ್ ಮಾತ್ರ ಆಗಲೇ ಬರಬೇಕಿತ್ತು.

ಹೀಗಾಗುವುದಕ್ಕೆ ಕಾರಣವಿದೆ. ಮದ್ಯ ಮಿದುಳಿನ ವೇಗವನ್ನು ತಗ್ಗಿಸುವ ವಸ್ತು. ದಿನವೂ ಬ್ರೇಕು ಒತ್ತಿಯೇ ಇರುವುದರಿಂದ ಮಿದುಳು ತನ್ನ ಆ್ಯಕ್ಸಿಲರೇಟರನ್ನು ಹೆಚ್ಚಿಸಿಕೊಂಡು ಹೊಂದಿಕೊಂಡಿರುತ್ತದೆ. ಬ್ರೇಕನ್ನು ಒಮ್ಮೆಗೇ ತೆಗೆದಾಗ ಅದು ಹತೋಟಿ ತಪ್ಪಿ ಓಡುತ್ತದೆ. ಕೊನೆಯ ಗುಟುಕಿನ 6ರಿಂದ 12 ಗಂಟೆಗಳಲ್ಲಿ ನಡುಕ, ಬೆವರು, ಕಳವಳ ಶುರುವಾಗುತ್ತವೆ. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ, ಕೆಲವರಲ್ಲಿ ನಮ್ಮ ಚಿಕ್ಕಪ್ಪನಿಗಾದಂತೆ ತಡವಾಗಿಯೂ ಬರುವುದುಂಟು. ಸುಮಾರು 48ರಿಂದ 96 ಗಂಟೆಗಳ ನಡುವೆ, ಎಲ್ಲರಲ್ಲಿ ಅಲ್ಲದಿದ್ದರೂ ಕೆಲವರಲ್ಲಿ, ಡೆಲಿರಿಯಮ್ ಟ್ರೆಮೆನ್ಸ್ ಎಂಬ ಸನ್ನಿಯ ಸ್ಥಿತಿ ಬರುತ್ತದೆ. ಇರುವೆ ಹರಿದಂತೆ ಕಾಣುವುದು, ಇಲ್ಲದವರೊಡನೆ ಮಾತನಾಡುವುದು, ತನ್ನ ದಿನನಿತ್ಯದ ಕಸುಬನ್ನು ಖಾಲಿ ಕೈಯಲ್ಲಿ ಮಾಡುವುದು ಇವೆಲ್ಲ ಅದರ ಲಕ್ಷಣಗಳು. ಜ್ವರ, ಏರಿದ ರಕ್ತದೊತ್ತಡ, ವೇಗವಾದ ಎದೆಬಡಿತ ಸೇರಿ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಹಿಂದೆ ಒಮ್ಮೆ ಫಿಟ್ಸ್ ಅಥವಾ ಸನ್ನಿ ಬಂದವರಿಗೆ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಮಾಲೆ ಹಾಕುವ ಮೊದಲು, ಆಣೆ ಇಡುವ ಮೊದಲು, ಆಳಸಮುದ್ರಕ್ಕೆ ಹೋಗುವ ಬೋಟು ಹತ್ತುವ ಮೊದಲು, ದಿನವೂ ಕುಡಿಯುವವರು ಒಮ್ಮೆ ವೈದ್ಯರನ್ನು ಕಾಣಬೇಕು. ಈಗಾಗಲೇ ನಿಲ್ಲಿಸಿ ಫಿಟ್ಸ್ ಬಂದಿದ್ದರೆ ಅಥವಾ ಮಾತು ಅಸಂಬದ್ಧವಾಗಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ, ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯೊಳಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಕುಡಿತದ ವಿಷಯ ತಿಳಿಸಿ. ನಾಚಿಕೆಯಿಂದ "ಊಟ ಸೇರದೆ ಸುಸ್ತಾಗಿದೆ" ಎಂದಷ್ಟೇ ಹೇಳಿ ಗ್ಲೂಕೋಸ್ ಡ್ರಿಪ್ಸ್ ಹಾಕಿಸಿಕೊಳ್ಳುವುದು ಅಪಾಯಕರ. ಬಹುಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತವಾದ ಪೆಟ್ಟಾಗಬಹುದು, ನೆನಪೇ ಅಳಿಸಿಹೋಗಬಹುದು. ನಾವು ಉಣ್ಣುವ ಕುಚ್ಚಲಕ್ಕಿಯ ಗಂಜಿಯಲ್ಲಿ ಈ ಜೀವಸತ್ವ ಸಾಕಷ್ಟಿದೆ, ಆದರೆ ವ್ಯಸನಿ ಊಟ ಬಿಟ್ಟಿರುತ್ತಾರೆ, ಉಂಡರೂ ಅವರ ಕರುಳು ಅದನ್ನು ಹೀರಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಇಂಜೆಕ್ಷನ್ನೇ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಎಲ್ಲಿಗೆ ಹೋಗುವುದು

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ನಮ್ಮ ಎರಡು ಜಿಲ್ಲೆಗಳಲ್ಲಿ ಚಿಕಿತ್ಸೆಗೆ ಬಾಗಿಲುಗಳು ಇಲ್ಲದಿಲ್ಲ. ಮಂಗಳೂರಿನ ಹಂಪನಕಟ್ಟೆಯ ಬಳಿ ಜಿಲ್ಲಾ ವೆನ್ಲಾಕ್ ಆಸ್ಪತ್ರೆಯಿದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯಿದೆ. ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕೆಎಂಸಿಯ ಮನೋರೋಗ ವಿಭಾಗ ಇವೆ. ದೂರದ ತಾಲೂಕಿನವರು ತಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಮನೆಯಿಂದ ಹೊರಡುವ ಧೈರ್ಯವೇ ಇನ್ನೂ ಬಂದಿಲ್ಲವೆಂದಾದರೆ, ಉಚಿತ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆಮಾಡಿ. ರೋಗಿಯೇ ಮಾತನಾಡಬೇಕೆಂದಿಲ್ಲ, ಹೆಂಡತಿಯೋ ತಾಯಿಯೋ ಮಾತನಾಡಿದರೂ ಸಾಕು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವುಗಳ ಬಗ್ಗೆ ನನಗೆ ಗೌರವವಿದೆ, ಅದರಲ್ಲೂ ಶಿಬಿರ ಮುಗಿದ ಮೇಲೆ ಸದಸ್ಯರನ್ನು ಒಟ್ಟಿಗೆ ಹಿಡಿದಿಡುವ ನವಜೀವನ ಸಮಿತಿಗಳ ಬಗ್ಗೆ, ಏಕೆಂದರೆ ಮಾಲೆ ತೆಗೆದ ಮೇಲೆ ಇಲ್ಲವಾಗುವ ಆಸರೆಯನ್ನು ಅವು ಮುಂದುವರಿಸುತ್ತವೆ. ಆದರೂ ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಆದವರು, ಹೊಟ್ಟೆಯಲ್ಲಿ ನೀರು ತುಂಬಿದವರು, ಸಾಯುವ ಮಾತಾಡುವವರು ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಶಿಬಿರಕ್ಕೆ ಸೇರುವುದು ಕ್ಷೇಮ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ, ಅದು ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಪಡೆದಿದೆಯೇ, ಮನೋವೈದ್ಯರು ಬರುತ್ತಾರೆಯೇ, ಮನೆಯವರಿಗೆ ಭೇಟಿಗೆ ಅವಕಾಶವಿದೆಯೇ ಎಂದು ಕೇಳಿ ತಿಳಿಯಿರಿ. ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಕಾಯ್ದೆ ಪೂರ್ಣವಾಗಿ ನಿಷೇಧಿಸಿದೆ. ಹೊಡೆದು ಬಿಡಿಸುತ್ತೇವೆ ಎನ್ನುವ ಸ್ಥಳದಿಂದ ರೋಗಿಯನ್ನು ಅದೇ ದಿನ ಕರೆತನ್ನಿ.

ನಾಲ್ಕನೆಯ ಹೆಜ್ಜೆ: ಮದ್ದು ಏನು ಮಾಡುತ್ತದೆ

ಮೊದಲ ಐದರಿಂದ ಹತ್ತು ದಿನಗಳ ಚಿಕಿತ್ಸೆ ದೇಹದಿಂದ ಮದ್ಯವನ್ನು ಸುರಕ್ಷಿತವಾಗಿ ಇಳಿಸುವುದಕ್ಕೆ ಮೀಸಲು. ಇಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜಿಪಾಮ್‌ನಂತಹ ಮಾತ್ರೆಗಳನ್ನು ಕೊಟ್ಟು ದಿನೇ ದಿನೇ ಪ್ರಮಾಣ ತಗ್ಗಿಸುತ್ತಾರೆ. ಪಿತ್ತಜನಕಾಂಗ ತೀರಾ ಕೆಟ್ಟವರಿಗೆ ಲೊರಾಜಿಪಾಮ್ ಆಯ್ಕೆ ಮಾಡುತ್ತಾರೆ. ಈ ಮಾತ್ರೆಗಳಿಗೂ ಚಟ ಹತ್ತುವ ಸಾಧ್ಯತೆ ಇರುವುದರಿಂದ, ಬರೆದುಕೊಟ್ಟ ದಿನಗಳ ಆಚೆಗೆ ಮೆಡಿಕಲ್ ಶಾಪಿನಿಂದ ತಾವಾಗಿಯೇ ತರಿಸಿಕೊಳ್ಳಬಾರದು.

ಹೆಚ್ಚಿನ ಮನೆಗಳವರು ಇಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸುತ್ತಾರೆ, ಆದರೆ ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವ ಕೆಲಸ ಶುರುವಾಗುವುದೇ ಇಲ್ಲಿಂದ. ಇದಕ್ಕೂ ಮದ್ದುಗಳಿವೆ. ನಾಲ್ಟ್ರೆಕ್ಸೋನ್ ಕುಡಿತದ ಖುಷಿಯನ್ನು ಮಂಕಾಗಿಸಿ ಆಸೆಯನ್ನು ಕುಗ್ಗಿಸುತ್ತದೆ. ಅಕಾಂಪ್ರೊಸೇಟ್ ಮಿದುಳಿನ ಚಡಪಡಿಕೆಯನ್ನು ತಣಿಸುತ್ತದೆ, ಪಿತ್ತಜನಕಾಂಗದ ತೊಂದರೆಯಿದ್ದವರಿಗೂ ಕೊಡಬಹುದು, ಮೂತ್ರಪಿಂಡ ಮಾತ್ರ ಸರಿಯಿರಬೇಕು. ಡೈಸಲ್ಫಿರಾಮ್‌ನ ದಾರಿ ಬೇರೆ: ಅದನ್ನು ಸೇವಿಸುತ್ತಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದಲೇ ಅದನ್ನು ರೋಗಿಗೆ ವಿವರಿಸಿ, ಅವರ ಒಪ್ಪಿಗೆ ಪಡೆದೇ ಕೊಡಬೇಕು. "ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ" ಎಂಬ ಜಾಹೀರಾತುಗಳನ್ನು ನಂಬಿ ಗುಟ್ಟಾಗಿ ಮದ್ದು ಹಾಕುವುದು ಪ್ರಾಣಕ್ಕೆ ಕುತ್ತು ತರಬಹುದಾದ ಕೆಲಸ. ಹಾಗೆ ಮಾಡುವ ಹೆಂಗಸರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ದಯವಿಟ್ಟು ಮಾಡಬೇಡಿ.

ಮದ್ದಿನ ಜೊತೆಗೆ ಆಪ್ತಸಮಾಲೋಚನೆ ಬೇಕು. ಯಾವ ಹೊತ್ತು, ಯಾವ ದಾರಿ, ಯಾವ ಗೆಳೆಯ, ಯಾವ ದುಃಖ ತನ್ನನ್ನು ಬಾರಿನತ್ತ ಎಳೆಯುತ್ತದೆ ಎಂಬುದನ್ನು ರೋಗಿ ಅಲ್ಲಿ ಗುರುತಿಸಲು ಕಲಿಯುತ್ತಾರೆ. ಕುಡಿತ ಬಿಡಲು ವ್ಯಸನಿಗಳೇ ಒಬ್ಬರಿಗೊಬ್ಬರು ಆಸರೆಯಾಗುವ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳು ನಮ್ಮ ಭಾಗದಲ್ಲಿಯೂ ನಡೆಯುತ್ತವೆ. ಹಣ ಕೊಡಬೇಕಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ.

ಗಾಂಜಾ, ಎಂಡಿಎಂಎ, ಬ್ರೌನ್ ಶುಗರ್

ಮಂಗಳೂರು, ಮಣಿಪಾಲ ವಿದ್ಯಾರ್ಥಿಗಳ ಊರುಗಳಾದ್ದರಿಂದ ಇದನ್ನೂ ಹೇಳಬೇಕು. ಗಾಂಜಾ ಮತ್ತು ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಿನ ಚಟಕ್ಕೆ ನಿರ್ದಿಷ್ಟವಾದ ಮಾತ್ರೆ ಇಲ್ಲ. ಸಮಾಲೋಚನೆ, ಮತ್ತು ನಿದ್ರಾಹೀನತೆ, ಖಿನ್ನತೆ, ಭ್ರಮೆಗಳಿಗೆ ಚಿಕಿತ್ಸೆಯೇ ದಾರಿ. ಬ್ರೌನ್ ಶುಗರ್ (ಕಚ್ಚಾ ಹೆರಾಯಿನ್), ಅಫೀಮಿನ ಗುಂಪಿನ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಗಳ ಚಟಕ್ಕೆ ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಎಂಬ ಪರಿಣಾಮಕಾರಿ ಮದ್ದಿದೆ, ಅದನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಈ ಗುಂಪಿನಲ್ಲಿ ಒಂದು ಎಚ್ಚರ ಬಹಳ ಮುಖ್ಯ: ಕೆಲವು ವಾರ ಬಿಟ್ಟಿದ್ದವರ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಹೋಗಿರುತ್ತದೆ, ಆದ್ದರಿಂದ ಚಿಕಿತ್ಸೆಯಿಂದಲೋ ಜೈಲಿನಿಂದಲೋ ಹೊರಬಂದ ಹೊಸದರಲ್ಲಿ ಹಿಂದಿನಷ್ಟೇ ತೆಗೆದುಕೊಂಡವರು ಉಸಿರು ನಿಂತು ಸಾಯುತ್ತಾರೆ.

ಆಸ್ಪತ್ರೆಗೆ ಕರೆದೊಯ್ದರೆ ಮಗನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ ಎಂಬ ಭಯ ತಂದೆ ತಾಯಂದಿರಲ್ಲಿ ಇದೆ. ವೈದ್ಯರು ರೋಗಿಯ ವಿವರಗಳ ಗೋಪ್ಯತೆ ಕಾಪಾಡಬೇಕೆಂದು ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಆರೋಪಿಯಾದ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯಿರುವ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ಆ ಪ್ರಕರಣದ ಅಭಿಯೋಜನೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು.

ಐದನೆಯ ಹೆಜ್ಜೆ: ಮನೆಯವರ ಪಾಲು

ಅಮಲಿನಲ್ಲಿರುವವರೊಡನೆ ವಾದಿಸಬೇಡಿ, ಬೆಳಿಗ್ಗೆ, ತಲೆ ತಿಳಿಯಾಗಿರುವಾಗ, "ನೀವು ಕುಡುಕ" ಎನ್ನುವ ಬದಲು "ಮೊನ್ನೆ ರಾತ್ರಿ ಹೀಗಾಯಿತು, ನನಗೆ ಹೆದರಿಕೆಯಾಯಿತು, ನಾಳೆ ಆಸ್ಪತ್ರೆಗೆ ಹೋಗುವ" ಎಂದು ನಡೆದದ್ದನ್ನಷ್ಟೇ ಹೇಳಿ. ಅವರ ಸಾಲವನ್ನು ಗುಟ್ಟಾಗಿ ತೀರಿಸುವುದು, ಕೆಲಸಕ್ಕೆ ಹೋಗದ ದಿನ ಜ್ವರವೆಂದು ಸುಳ್ಳು ಹೇಳುವುದು ಪ್ರೀತಿಯಿಂದಲೇ ಮಾಡುವ ಕೆಲಸಗಳಾದರೂ ಕಾಯಿಲೆಯನ್ನು ಮುಚ್ಚಿಡುತ್ತವೆ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ಸತ್ಯ ತಿಳಿಸಿ, ಇದು ಅವರಿಂದಾಗಿ ಆದದ್ದಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ.

ಮತ್ತೆ ಕುಡಿದಾಗ ಏನು ಮಾಡಬೇಕು? ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಮಂದಿ ಒಮ್ಮೆಯಾದರೂ ಮರಳಿ ಜಾರುತ್ತಾರೆ. ರಕ್ತದೊತ್ತಡ, ಅಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಬಿ.ಪಿ. ಏರಿತೆಂದು ಯಾರೂ ರೋಗಿಯನ್ನು ಬೈಯುವುದಿಲ್ಲ, ಮದ್ದು ಬದಲಿಸಲು ಕರೆದೊಯ್ಯುತ್ತಾರೆ. ಇಲ್ಲಿಯೂ ಅದನ್ನೇ ಮಾಡಿ, ಮತ್ತು ಆ ವಾರದೊಳಗೆ ಮಾಡಿ. ಕೋಲ, ಮದುವೆ, ಬೊಜ್ಜ (ಉತ್ತರಕ್ರಿಯೆ), ಹೊಸ ವರ್ಷದ ರಾತ್ರಿ, ಸಂಬಳದ ದಿನ ಇವು ನಮ್ಮಲ್ಲಿ ಜಾರುವ ದಿನಗಳು. ಅಂಥ ದಿನಕ್ಕೆ ಯಾರ ಜೊತೆ ಹೋಗುವುದು, ಎಷ್ಟು ಹೊತ್ತಿಗೆ ಮರಳುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಚಿಕ್ಕಪ್ಪ ಎರಡು ಬಾರಿ ಜಾರಿದರು, ಎರಡು ಬಾರಿಯೂ ಆಸ್ಪತ್ರೆಗೆ ಮರಳಿದರು. ಮೂರನೆಯ ವರ್ಷ ಆಗಸ್ಟಿನಲ್ಲಿ ಬೋಟು ಹತ್ತುವ ಮುನ್ನ ಅವರೇ ಬೋಟು ನಡೆಸುವ ತಾಂಡೇಲರ ಬಳಿ ಹೋಗಿ ತಮ್ಮ ಕಾಯಿಲೆಯ ವಿಷಯ ಹೇಳಿದರು. ಹತ್ತು ದಿನಗಳ ಮಾತ್ರೆಗಳನ್ನು ಚಿಕ್ಕಮ್ಮ ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ನೀರು ತಾಗದಂತೆ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ತಾಂಡೇಲರ ಕೈಗೇ ಕೊಟ್ಟರು. ಬೋಟಿನಲ್ಲಿ ರಾತ್ರಿ ಗಂಜಿ ಬಡಿಸುವಾಗ ತಾಂಡೇಲರು ಮೊದಲು ಆ ಡಬ್ಬಿ ತೆರೆಯುತ್ತಿದ್ದರಂತೆ.